ಎಳೆಯುತ್ತೆ, ನಿಲ್ಲುತ್ತಾ?

ಚಿಕ್ಕಪ್ಪನ ಪ್ರಕಾರ ಅದು ಅರ್ಧ ದಿನದ ಕೆಲಸ. ಮಿನಿ ಎಕ್ಸ್‌ಕವೇಟರನ್ನು, ಅಂದರೆ ಮಣ್ಣು ಅಗೆಯುವ ಚಿಕ್ಕ ಯಂತ್ರವನ್ನು, ಟ್ರೈಲರ್ ಮೇಲೆ ಹತ್ತಿಸುವುದು, ಟ್ರ್ಯಾಕ್ಟರ್‌ನಲ್ಲಿ ಎಳೆದುಕೊಂಡು ಹೋಗಿ ಇನ್ನೊಂದು ಜಾಗದಲ್ಲಿ ಇಳಿಸುವುದು, ಅಷ್ಟೇ. ನನ್ನ ಪಾಲಿಗೆ ಬಂದದ್ದು ಬೇರೆ ಗಾಡಿಯಲ್ಲಿ ಹಿಂದಿನಿಂದ ಕಾವಲು ಬರುವ ಕೆಲಸ. ಆದರೆ ಡ್ರೈವರ್ ಅಣ್ಣ ಬೆಳಿಗ್ಗೆಯೇ ತಕರಾರು ತೆಗೆದರು.

“ಈ ಜೋಡಿ ಬೇಡ ಯಜಮಾನ್ರೇ. ದೊಡ್ಡ ಟ್ರ್ಯಾಕ್ಟರ್, ಬ್ರೇಕ್ ಇರೋ ಟ್ರೈಲರ್ ಬರಲಿ.”

ಅವೆರಡೂ ಬೇರೆ ಕಡೆ ಕೆಲಸದಲ್ಲಿದ್ದವು. ಬರುವುದು ಮಧ್ಯಾಹ್ನವೇ. ಚಿಕ್ಕಪ್ಪನಿಗೆ ರೇಗಿತು. “ಯಾಕಪ್ಪಾ, ಇದು ಎಳೆಯಲ್ವಾ?”

“ಎಳೆಯುತ್ತೆ. ಇಳಿಜಾರಲ್ಲಿ ನಿಲ್ಲುತ್ತಾ ಅಂತ ಕೇಳಿ.”

ಆಮೇಲೆ ಅವರು ಬಾಯಲ್ಲೇ ಲೆಕ್ಕ ಹೇಳಿದರು. ಯಂತ್ರ 2.5 ಟನ್. ಟ್ರೈಲರ್ 1.2 ಟನ್. ಸೇರಿದರೆ 3.7. ಅದನ್ನು ಎಳೆಯಬೇಕಾದ ಚಿಕ್ಕ ಟ್ರ್ಯಾಕ್ಟರ್ 1.8 ಟನ್. ಟ್ರ್ಯಾಕ್ಟರ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಎಚ್ಚರಿಕೆ ಇರುತ್ತದೆ: ಬ್ರೇಕ್ ಇಲ್ಲದ ಟ್ರೈಲರ್ ತುಂಬಿದಾಗ ಟ್ರ್ಯಾಕ್ಟರ್‌ನ ಒಂದೂವರೆ ಪಟ್ಟಿಗಿಂತ ಜಾಸ್ತಿ ತೂಗಬಾರದು, ವೇಗ ಗಂಟೆಗೆ 32 ಕಿ.ಮೀ. ದಾಟಬಾರದು. 1.8ರ ಒಂದೂವರೆ ಪಟ್ಟು 2.7. ನಮ್ಮದು ಅದಕ್ಕಿಂತ ಇನ್ನೂ 1 ಟನ್ ಜಾಸ್ತಿ. ಎಂಜಿನ್‌ಗೆ ಎಷ್ಟೇ ದಮ್ಮಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಚಿಕ್ಕಪ್ಪ ಮಾತಾಡಲಿಲ್ಲ. ಒಪ್ಪಿದರು ಅಂತಲ್ಲ, ಉತ್ತರ ಸಿಗಲಿಲ್ಲ.

ಕಾಯುವ ಹೊತ್ತಿನಲ್ಲಿ ಅಣ್ಣ ಸುಮ್ನೆ ಕೂರಲಿಲ್ಲ. ಸರಪಳಿಗಳನ್ನೆಲ್ಲ ನೆಲದ ಮೇಲೆ ಹರಡಿ ಒಂದೊಂದೇ ಕೊಂಡಿ ನೋಡಿದರು. ಒಂದರ ಮೇಲೆ ಗ್ರೇಡ್ ಗುರುತೇ ಇರಲಿಲ್ಲ, ಅದನ್ನು ಪಕ್ಕಕ್ಕೆ ಎಸೆದರು. ನೋಡಲು ಎಲ್ಲಕ್ಕಿಂತ ದಪ್ಪ ಸರಪಳಿ ಅದು! ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿಲ್ಲದ ಸರಪಳಿ ಅವರ ಲೆಕ್ಕಕ್ಕೆ ಇಲ್ಲ. ಸರಕು ಕಟ್ಟುವುದಕ್ಕೂ ಒಂದು ಅಳತೆ ಇದೆ. ಯುರೋಪಿನಲ್ಲೂ ಅಮೆರಿಕದಲ್ಲೂ ಲಾರಿ ಸರಕಿಗೆ ಅದು ಹೆಚ್ಚುಕಡಿಮೆ ಒಂದೇ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಿದರೂ, ತಿರುವಿನಲ್ಲಿ ಅರ್ಧ ತೂಕದ ಬಲದಿಂದ ಪಕ್ಕಕ್ಕೆ ಎಳೆದರೂ ಕಟ್ಟು ಹಿಡಿದಿರಬೇಕು. ನಮ್ಮ ಯಂತ್ರದ ಮಟ್ಟಿಗೆ, ಮುಂದಕ್ಕೆ 2 ಟನ್. ಇದು ಗೊತ್ತಾದ ಮೇಲೆ ಹಗ್ಗ ಬಿಗಿದು ಹೊರಟ ಗಾಡಿಗಳ ಹತ್ತಿರ ಹೋಗಲು ನನಗೆ ಮನಸ್ಸಾಗುವುದಿಲ್ಲ.

ದೊಡ್ಡ ಜೋಡಿ ಬಂತು. ಮೊದಲು ಟ್ರೈಲರನ್ನು ಟ್ರ್ಯಾಕ್ಟರ್‌ಗೆ ಸಿಕ್ಕಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಆಮೇಲೆಯೇ ಯಂತ್ರ ಹತ್ತಿಸಿದ್ದು. ಸಿಕ್ಕಿಸದೆ ಹತ್ತಿಸಿದರೆ, ಯಂತ್ರದ ಭಾರ ಟ್ರೈಲರ್‌ನ ಹಿಂತುದಿಗೆ ಬಿದ್ದ ತಕ್ಷಣ ಮುಂದಿನ ಕೊಕ್ಕೆ ತಕ್ಕಡಿಯ ಹಾಗೆ ಮೇಲಕ್ಕೆ ಹಾರುತ್ತದೆ. ಯಂತ್ರ ನಿಲ್ಲಿಸುವ ಜಾಗಕ್ಕೇ ಜಾಸ್ತಿ ಹೊತ್ತು ಹೋಯಿತು. ಒಂದೇ ಆಕ್ಸಲ್‌ನ (ಚಕ್ರದ ಅಚ್ಚಿನ) ಟ್ರೈಲರ್ ಅದು. ಭಾರ ಹಿಂದಾದರೆ ಟ್ರ್ಯಾಕ್ಟರ್‌ನ ಹಿಂದಿನ ಚಕ್ರ ಹಗುರಾಗಿ ಹಿಡಿತ ತಪ್ಪುತ್ತದೆ. ತೀರಾ ಮುಂದಾದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಕಾರಿನ ಹಿಂದೆ ಎಳೆಯುವ ಟ್ರೈಲರ್‌ಗೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳಲಿ ಅನ್ನುತ್ತಾರೆ. ಟ್ರ್ಯಾಕ್ಟರ್‌ಗೆ ಅದರ ಕೊಕ್ಕೆ ಎಷ್ಟು ತಾಳುತ್ತದೆ ಅಂತ ತಯಾರಕರು ಕೊಟ್ಟ ಅಂಕಿಯೇ ಮಿತಿ. ಅಣ್ಣ ಒಂದು ಗೇಣು ಮುಂದೆ, ಅರ್ಧ ಗೇಣು ಹಿಂದೆ ಅಂತ ಯಂತ್ರ ಸರಿಸುತ್ತ, ಪ್ರತಿ ಸಲ ಇಳಿದು ಟೈರು ನೋಡಿ ಬರುತ್ತಿದ್ದರು.

ಯಂತ್ರದ ಬಕೆಟ್ಟನ್ನು ಹಲಗೆಗೆ ಒತ್ತಿ ಇಳಿಸಿದರು. ತಿರುಗುವ ಭಾಗಕ್ಕೆ ಲಾಕ್ ಹಾಕಿದರು. 4 ಮೂಲೆಗೆ 4 ಸರಪಳಿ, ತೋಳಿಗೆ ಬೇರೆಯೇ ಒಂದು. ಹೈಡ್ರಾಲಿಕ್ (ಪೈಪಿನೊಳಗಿನ ಎಣ್ಣೆಯ ಒತ್ತಡ) ಹಿಡಿದುಕೊಂಡಿರುತ್ತಲ್ಲ, ತೋಳಿಗೆ ಯಾಕೆ ಅಂತ ಕೇಳಿದೆ. “ಪೈಪ್ ಒಡೆದರೆ ಯಾರು ಹಿಡ್ಕೋತಾರೆ ತಮ್ಮಾ, ನೀನಾ?” ಅಂದರು.

ಕೊಕ್ಕೆಯ ಪಿನ್ ಹಾಕಿ ಅದರ ಕೆಳಗೆ ಕ್ಲಿಪ್ ಸಿಕ್ಕಿಸಿದ್ದನ್ನು ನನ್ನಿಂದಲೂ ಮುಟ್ಟಿಸಿ ನೋಡಿಸಿದರು. ಕಾವಲು ಸರಪಳಿಗಳನ್ನು ಕೊಕ್ಕೆಯ ಅಡಿಯಲ್ಲಿ ಅಡ್ಡಡ್ಡ ದಾಟಿಸಿ ಕಟ್ಟಿದರು. ಪಿನ್ ಕಳಚಿದರೂ ಟ್ರೈಲರ್‌ನ ಮೂತಿ ರಸ್ತೆಗೆ ಬಡಿಯದೆ ಆ ಸರಪಳಿಗಳ ಮೇಲೆ ಕೂರಬೇಕು. ತಿರುವಿಗೆ ಬೇಕಾದಷ್ಟು ಸಡಿಲ, ರಸ್ತೆಗೆ ಉಜ್ಜದಷ್ಟು ಬಿಗಿ.

ಲೈಟು ನೋಡುವಾಗ ನಗು ಬಂತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಟ್ರೈಲರ್‌ನ ಹಿಂದಿನ ದೀಪಗಳೆಲ್ಲ ಮಂಕಾಗಿ ಒಟ್ಟಿಗೆ ಮಿಣುಕುತ್ತಿದ್ದವು. ಬಲ್ಬು ಹೋಗಿರಲಿಲ್ಲ. ಅರ್ಥಿಂಗ್ ತಂತಿ ಕೂತ ಜಾಗ ತುಕ್ಕು ಹಿಡಿದಿತ್ತು. ಉಪ್ಪುಕಾಗದ ಹಾಕಿ ಉಜ್ಜಿದ ಮೇಲೆ ಸರಿಹೋಯಿತು. ಟ್ರೈಲರ್ ಹಿಂದೆ ನಂಬರ್ ಪ್ಲೇಟ್, ಕೆಂಪು ರಿಫ್ಲೆಕ್ಟರ್, ಅವುಗಳ ನಡುವೆ ಕೆಂಪು ಅಂಚಿನ ಕಿತ್ತಳೆ ತ್ರಿಕೋನ. ನಿಧಾನದ ಗಾಡಿ ಅಂತ ಹೇಳುವ ಈ ಗುರುತು ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಹಿಂದಿನಿಂದ ವೇಗವಾಗಿ ಬರುವವನಿಗೆ ಮುಂದಿನ ಗಾಡಿ ಎಷ್ಟು ನಿಧಾನ ಅಂತ ಅಂದಾಜಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಇದು.

ಕೊನೆಗೆ ಟ್ರ್ಯಾಕ್ಟರ್‌ನ 2 ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ. ಹೊಲದಲ್ಲಿ ಗಕ್ಕನೆ ತಿರುಗಲು ಒಂದೇ ಬದಿಯ ಬ್ರೇಕ್ ಒತ್ತುತ್ತಾರೆ. ರಸ್ತೆಯಲ್ಲಿ ಹಾಗೆ ಒಂದೇ ಒತ್ತಿದರೆ ಗಾಡಿ ಅಡ್ಡ ತಿರುಗಿ ಮಗುಚಬಹುದು. ಕೊಂಡಿ ಹಾಕಲು ಒಂದು ಗಳಿಗೆ ಸಾಕು, ಆದರೆ ಹಾಕದೆ ರಸ್ತೆಗೆ ಬರುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಪ್ರಯಾಣದ ಬಗ್ಗೆ ಹೇಳುವುದು ಕಮ್ಮಿ. ಸ್ವಲ್ಪ ದೂರ ಹೋಗಿ ಅಣ್ಣ ಬದಿಗೆ ನಿಲ್ಲಿಸಿದರು. ಸರಪಳಿಗಳು ಆಗಲೇ ಸಡಿಲಾಗಿದ್ದವು, ಮತ್ತೆ ಬಿಗಿದರು. ಮುಂಗೈಯನ್ನು ಚಕ್ರದ ಹಬ್ (ನಡುಭಾಗ) ಹತ್ತಿರ ಹಿಡಿದು ಬಿಸಿ ನೋಡಿದರು. ಹಿಂದೆ ಗಾಡಿಗಳ ಸಾಲು ಬೆಳೆದಾಗ ಜಾಗ ಸಿಕ್ಕ ಕಡೆ ಸರಿದು ಬಿಟ್ಟುಕೊಟ್ಟರು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದರು. ಅರ್ಧ ಇಳಿದ ಮೇಲೆ ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಪೂರ್ತಿ ಬಿಟ್ಟುಹೋಗುತ್ತದೆ, ಟ್ರೈಲರ್ ಹಿಂದಿನಿಂದ ತಳ್ಳತೊಡಗುತ್ತದೆ. ನನಗೋ ಅಷ್ಟು ನಿಧಾನ ಸಾಕುಸಾಕಾಗಿತ್ತು. ಆದರೆ ವೇಗ 20ರಿಂದ 40 ಆದರೆ ಬ್ರೇಕು ತಿನ್ನಬೇಕಾದ ಶಕ್ತಿ 2 ಪಟ್ಟಲ್ಲ, 4 ಪಟ್ಟು.

ದಾರಿಯಲ್ಲಿ ಅಧಿಕಾರಿಯೊಬ್ಬರು ತಡೆದರು. ಟ್ರ್ಯಾಕ್ಟರ್ ಕಾಗದದ ಜೊತೆ ಟ್ರೈಲರ್ ಕಾಗದವನ್ನೂ ಬೇರೆಯಾಗಿ ಕೇಳಿದರು. ಲೈಸೆನ್ಸ್ ನೋಡಿದರು. ಯಂತ್ರದ ಅಗಲ ಟ್ರೈಲರ್ ಹೊರಗೆ ಚಾಚಿದೆಯಾ ಅಂತ ಕಣ್ಣಾಡಿಸಿದರು. ಆಮೇಲೆ ಹಿಂದೆ ಹೋಗಿ, “ಬ್ರೇಕ್ ಒತ್ತಿ, ಎಡಕ್ಕೆ ಹಾಕಿ, ಬಲಕ್ಕೆ ಹಾಕಿ” ಅಂದರು. ದೀಪ ಒಂದೊಂದೂ ಸರಿಯಾಗಿ ಹತ್ತಿದಾಗ ಚಿಕ್ಕಪ್ಪ ನನ್ನ ಕಡೆ ನೋಡಿದರು, ಆ ತಂತಿ ತಾವೇ ಉಜ್ಜಿದವರ ಹಾಗೆ.

ಇಳಿಸುವಾಗ ಮತ್ತೆ ಅದೇ ಕ್ರಮ. ಟ್ರ್ಯಾಕ್ಟರ್ ಸಿಕ್ಕಿಕೊಂಡೇ ಇರಬೇಕು, ಚಕ್ರಕ್ಕೆ ಅಡ್ಡಗಟ್ಟೆ ಮೊದಲು, ಸರಪಳಿ ಬಿಚ್ಚುವುದು ಆಮೇಲೆ. ಸರಪಳಿ ಬಿಗಿಯಲು ಹಾಕಿದ ಸನ್ನೆಯ ಹಿಡಿ ಬಿಡಿಸುವಾಗ ಎದುರಿಗೆ ಯಾರೂ ನಿಲ್ಲಬಾರದು, ಅದು ಚಿಮ್ಮಿದರೆ ಮುಖ ಒಡೆಯುತ್ತದೆ. ಕತ್ತಲಾಗುವ ಮೊದಲು ಕೆಲಸ ಮುಗಿಯಿತು. ಬ್ರೇಕ್ ಇಲ್ಲದ ಹಳೆಯ ಟ್ರೈಲರ್‌ಗೆ ಬ್ರೇಕ್ ಕೂರಿಸಲು ಬರುತ್ತದಾ ಅಂತ ಚಿಕ್ಕಪ್ಪ ವಿಚಾರಿಸತೊಡಗಿದರು. ಅದರ ಆಕ್ಸಲ್ ನೋಡಿದ ಮೇಲೆ ಹೇಳ್ತೀನಿ ಅಂದರು ಅಣ್ಣ.