ಇಂಥ ಹೊತ್ತಲ್ಲಿ ಕಾರ್ಟೂನ್ ಹೇಗೆ ಹೊಳೀತದೆ ಮಾರಾಯ?

ಮದುವೆ ಮನೆಯಲ್ಲಿ ಸಿಕ್ಕವರು, ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಎಲ್ಲರದ್ದೂ ಇದೇ ಪ್ರಶ್ನೆ. "ಎಂಥ ಮಾರಾಯ, ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಟೀವಿ ಹಾಕಿದ್ರೆ ಯುದ್ಧ. ಇದರ ಮಧ್ಯೆ ನಿಂಗೆ ಕಾರ್ಟೂನ್ ಹೇಗೆ ಹೊಳೀತದೆ?" ಕೆಲವರು ಮೆಚ್ಚಿ ಕೇಳುತ್ತಾರೆ. ಕೆಲವರಿಗೆ, ಇವನಿಗೆ ಬೇರೆ ಕೆಲಸ ಇಲ್ವಾ ಅನ್ನುವ ಅನುಮಾನ. ಇಬ್ಬರಿಗೂ ನನ್ನ ಉತ್ತರ ಒಂದೇ. ಖುಷಿಯಲ್ಲಿದ್ದಾಗ ನನಗೆ ಕಾರ್ಟೂನ್ ಹೊಳೆಯುವುದೇ ಇಲ್ಲ. ತಲೆ ಕೆಟ್ಟಾಗಲೇ ನಾನು ಪೆನ್ನು ಹುಡುಕುವುದು.

ಚಿಂತೆಗೆ ಆಕಾರ ಇರುವುದಿಲ್ಲ. ರಾತ್ರಿ ಮಲಗಿದರೆ ಅಡಿಕೆ ರೇಟು, ಸೊಸೈಟಿ ಸಾಲ, ಮಕ್ಕಳ ಕೆಲಸ ಎಲ್ಲ ಒಟ್ಟಿಗೇ ಮೈಮೇಲೆ ಬರುತ್ತವೆ. ಆದರೆ ಕಾಗದದ ಮೇಲೆ 'ಕಷ್ಟಕಾಲ' ಅಂತ ಬಿಡಿಸಲು ಆಗುವುದಿಲ್ಲ. ಅಲ್ಲಿ ಯಾರು ನಿಂತಿದ್ದಾರೆ, ಅವರ ಕೈಯಲ್ಲಿ ಏನಿದೆ, ಯಾರ ಕಡೆ ನೋಡುತ್ತಿದ್ದಾರೆ, ಎಲ್ಲವನ್ನೂ ಮೊದಲೇ ತೀರ್ಮಾನ ಮಾಡಬೇಕು. ಎಲೆಚುಕ್ಕಿ ಜಾಸ್ತಿಯಾದಾಗ ಒಂದು ಚಿತ್ರ ಬಿಡಿಸಿದೆ. ಡಾಕ್ಟರ ಮುಂದೆ ನಾಲಿಗೆ ಚಾಚಿದ ಹಾಗೆ ಅಡಿಕೆ ಮರ ತನ್ನ ಸೋಗೆ ಚಾಚಿ ನಿಂತಿದೆ. ನೋಡಲು ಬಂದವರೆಲ್ಲ ಮೊಬೈಲ್ ಎತ್ತಿ ಫೋಟೋ ಹೊಡೆಯುತ್ತಿದ್ದಾರೆ. ಔಷಧಿ ಚೀಟಿ ಬರೆಯುವವರು ಒಬ್ಬರೂ ಇಲ್ಲ. ಬಿಡಿಸಿ ಮುಗಿಸಿದಾಗಲೂ ರೋಗ ತೋಟದಲ್ಲಿ ಹಾಗೇ ಇತ್ತು, ನಿಜ. ಆದರೆ ನನ್ನ ಸಿಟ್ಟು ರೋಗದ ಮೇಲಲ್ಲ, ಆ ಫೋಟೋಗಳ ಮೇಲೆ ಅಂತ ಗೊತ್ತಾಯಿತು. ಸಿಟ್ಟು ಯಾರ ಮೇಲೆ ಅಂತ ತಿಳಿದರೆ ಅರ್ಧ ನಿದ್ದೆಯಾದರೂ ಬರುತ್ತದೆ.

ಇದು ನಾನು ಕಂಡುಹಿಡಿದ ಉಪಾಯವೇನಲ್ಲ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 'ಕೊರವಂಜಿ' ಶುರು ಮಾಡಿದ್ದು 1942ರಲ್ಲಿ. ಅದು ನಗುವ ಕಾಲವಾಗಿತ್ತಾ? ಹೊರಗೆ ಮಹಾಯುದ್ಧ, ಒಳಗೆ ಕ್ವಿಟ್ ಇಂಡಿಯಾ ಚಳವಳಿ. ಅದೇ ವರ್ಷ ನಮ್ಮ ಶಿಕಾರಿಪುರದ ಈಸೂರು ತಾನು ಸ್ವತಂತ್ರ ಅಂತ ಘೋಷಿಸಿಕೊಂಡಿತು. ಮುಂದಿನ ವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಅಂಥ ಹೊತ್ತಿನಲ್ಲಿ, ವೃತ್ತಿಯಿಂದ ವೈದ್ಯರಾದ ಮನುಷ್ಯ ನಗೆಪತ್ರಿಕೆ ತಂದರು. ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಚಿತ್ರ ಬಿಡಿಸಿದ್ದೂ ಅದಕ್ಕೇ.

ತುರ್ತು ಪರಿಸ್ಥಿತಿ ಇನ್ನೊಂದು ಉದಾಹರಣೆ. 1975ರಲ್ಲಿ 'ಶಂಕರ್ಸ್ ವೀಕ್ಲಿ' ಅನ್ನುವ ಕಾರ್ಟೂನ್ ವಾರಪತ್ರಿಕೆ ನಿಂತೇಹೋಯಿತು. ಅದೇ ಡಿಸೆಂಬರಿನಲ್ಲಿ ಕಾರ್ಟೂನಿಸ್ಟ್ ಅಬು ಅಬ್ರಹಾಂ ಒಂದು ಚಿತ್ರ ಬಿಡಿಸಿದರು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ, ಬಾಗಿಲ ಸಂದಿಯಿಂದ ಕೊಡುತ್ತಿದ್ದಾರೆ. ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಅನ್ನುತ್ತಿದ್ದಾರೆ. ಆ ಕಾಲದ ಬಗ್ಗೆ ಎಷ್ಟೋ ಓದಿದ್ದೇನೆ. ನೆನಪಿಗೆ ಮೊದಲು ಬರುವುದು ಆ ತೊಟ್ಟಿಯೇ.

ಹಾಗಂತ ಎಲ್ಲದಕ್ಕೂ ನಗಬಹುದಾ? ಖಂಡಿತ ಇಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಅದು ಜನರನ್ನು ಬಲಿ ತೆಗೆದುಕೊಂಡಾಗ ನನ್ನ ಕೈ ಓಡಲಿಲ್ಲ. ಜ್ವರ ಬಂದವರನ್ನು, ಮನೆಯವರನ್ನು ಕಳೆದುಕೊಂಡವರನ್ನು ಚಿತ್ರಕ್ಕೆ ಎಳೆಯಬಾರದು. ಕೊನೆಗೆ ಬಿಡಿಸಿದ್ದು, ಕಚ್ಚಿ ಆ ಕಾಯಿಲೆ ಹರಡುವ ಉಣುಗನ್ನು. ಉಣುಗು ಕಚ್ಚದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಂಡು, ಕಾಡಿನಿಂದ ದರಗು (ಒಣಗಿದ ಎಲೆ) ತರಲು ಹೊರಟ ಹೆಂಗಸನ್ನು ಕಂಡು ಅದು ತನ್ನ ಮರಿಗೆ ಹೇಳುತ್ತಿದೆ: "ಇವತ್ತು ಉಪವಾಸ ಮಗಾ." ಆ ಹೆಂಗಸು ಗೆದ್ದಿದ್ದಾಳೆ, ಅಷ್ಟು ಸಾಕಿತ್ತು ನನಗೆ.

ನಾನು ಜಾಸ್ತಿ ಬಿಡಿಸುವುದು ಕರೆಂಟಿನ ಮೇಲೆ. ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆಯಲ್ಲಿ ಮನೆ, ಗದ್ದೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ನನ್ನ ಚಿತ್ರದಲ್ಲಿ ಒಬ್ಬಳು ಅಜ್ಜಿ ದೊಡ್ಡ ಲೈನಿನ ಕೆಳಗೆ ಬುಡ್ಡಿ ದೀಪ ಹಚ್ಚಿಕೊಂಡು ಕೂತಿದ್ದಾಳೆ. ಬಂದ ನೆಂಟರಿಗೆ ಹೇಳುತ್ತಾಳೆ: "ಕರೆಂಟಿಗೆ ನಮ್ಮಲ್ಲಿ ಕೊರತೆ ಇಲ್ಲ, ದಿನಾ ತಲೆ ಮೇಲೇ ಹೋಗ್ತದೆ." ಇದಕ್ಕೆ ನಕ್ಕವರಲ್ಲಿ ಮುಳುಗಡೆಯವರೇ ಹೆಚ್ಚು.

"ನಂಗೆ ಚಿತ್ರ ಬರಲ್ಲ" ಅನ್ನುವವರಿಗೆ ಒಂದು ಮಾತು. ಲಕ್ಷ್ಮಣ್ ಅವರಿಗೇ ಮುಂಬೈಯ ಜೆ.ಜೆ. ಕಲಾಶಾಲೆ ಸೀಟು ಕೊಟ್ಟಿರಲಿಲ್ಲ. ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಹುಬ್ಬು ಮಾತ್ರ ಸರಿಯಾಗಿ ಹಾಕಿ. ಸಿಟ್ಟು, ಭಯ, ಸೋಗು ಎಲ್ಲ ಇರುವುದು ಹುಬ್ಬಿನಲ್ಲೇ. ಹೊಸ ಪುಸ್ತಕ ಕೊಳ್ಳಬೇಡಿ, ಬಿಳಿ ಹಾಳೆ ಕಂಡರೆ ಕೈ ನಡುಗುತ್ತದೆ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು.

ಬಿಡಿಸಿದ್ದನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಕು ಅಂತಲೂ ಇಲ್ಲ. ದೊಡ್ಡವರ ಮೇಲೆ ಬಿಡಿಸಿದ್ದನ್ನು ನಾನು ಧೈರ್ಯವಾಗಿ ಹಂಚುತ್ತೇನೆ. ನೆಂಟರ ಮೇಲೆ ಬಿಡಿಸಿದ್ದು ಮಾತ್ರ ನೇರ ಬಚ್ಚಲ ಒಲೆಗೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆಗೆ ಬೆಂಕಿ ಹಿಡಿಸಲು ಅದೂ ಬೇಕಲ್ವಾ?