ಎತ್ತಿದ ಕೈ ತಡೆದು ನಿಲ್ಲುವ ಹೊತ್ತು

ಗ್ರೀಕ್ ನಾಟಕಕಾರ ಈಸ್ಕಿಲಸ್ ಬರೆದ ನಾಟಕವೊಂದರಲ್ಲಿ ಪಿಲಾಡೀಸ್ ಎಂಬ ಯುವಕನಿದ್ದಾನೆ. ಒರೆಸ್ಟಿಸ್‌ನ ಗೆಳೆಯ. ಅವನ ಜೊತೆಗೇ ರಂಗಕ್ಕೆ ಬರುತ್ತಾನೆ, ಜೊತೆಗೇ ನಿಲ್ಲುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ನೋಡುವವರು ಇವನು ಮಾತಿಲ್ಲದ ಪಾತ್ರವೆಂದು ಎಣಿಸಿ ಮರೆತೇಬಿಟ್ಟಿರುತ್ತಾರೆ. ಅಷ್ಟರಲ್ಲಿ ಒರೆಸ್ಟಿಸ್ ತಾಯಿಯ ಎದುರು ಕತ್ತಿ ಹಿರಿದು ನಿಲ್ಲುವ ಗಳಿಗೆ ಬರುತ್ತದೆ. ತಂದೆ ಅಗಮೆಮ್ನನ್‌ನನ್ನು ಕೊಂದವಳು ಅವಳು. ಅವಳನ್ನು ಕೊಲ್ಲಲೆಂದೇ ಮಗ ಪರದೇಶದಿಂದ ಬಂದಿದ್ದಾನೆ. ಕ್ಲೈಟೆಮ್‌ನೆಸ್ಟ್ರಾ ಎದೆಯ ಬಟ್ಟೆ ಸರಿಸಿ, "ತಡೆ ಮಗನೇ, ಹಲ್ಲು ಮೂಡದ ಬಾಯಿಂದ ನೀನು ಹಾಲು ಕುಡಿದ ಎದೆ ಇದು" ಎನ್ನುತ್ತಾಳೆ. ಕೈ ನಿಂತುಬಿಡುತ್ತದೆ. ಒರೆಸ್ಟಿಸ್ ಪಕ್ಕಕ್ಕೆ ತಿರುಗಿ ಕೇಳುತ್ತಾನೆ: ಪಿಲಾಡೀಸ್, ನಾನೇನು ಮಾಡಲಿ?

ಆಗ ಅವನು ಬಾಯಿ ತೆರೆಯುತ್ತಾನೆ. ಮೂರೇ ಸಾಲು. ಅಪೊಲೊ ದೇವರ ವಾಣಿ ಏನಾಗಬೇಕು, ಇಟ್ಟ ಆಣೆ ಏನಾಗಬೇಕು, ಲೋಕವೆಲ್ಲ ಹಗೆಯಾದರೂ ಆಗಲಿ, ದೇವರ ಹಗೆ ಕಟ್ಟಿಕೊಳ್ಳಬೇಡ ಎಂಬರ್ಥದ ಮೂರು ಸಾಲು. ಆಮೇಲೆ ನಾಟಕ ಮುಗಿಯುವವರೆಗೂ ಅವನಿಗೆ ಮಾತಿಲ್ಲ.

ಕ್ರಿಸ್ತಪೂರ್ವ 458ರಲ್ಲಿ ಅಥೆನ್ಸಿನಲ್ಲಿ ಮೊದಲ ಬಹುಮಾನ ಪಡೆದ ಮೂರು ನಾಟಕಗಳ ಮಾಲೆಯಲ್ಲಿ ಇದು ನಡುವಿನದು. ಹಗೆ ತೀರಿಸುವ ದುರಂತ ನಾಟಕಗಳ ಬಗ್ಗೆ ನನಗೆ ಹೇಳಬೇಕಾದದ್ದೆಲ್ಲ ಆ ತಡವರಿಕೆಯಲ್ಲಿದೆ. ಕೊಲೆಯನ್ನು ಯಾರು ಬೇಕಾದರೂ ಬರೆಯಬಹುದು. ಗ್ರೀಕರು ಅದನ್ನು ರಂಗದ ಮೇಲೆ ತೋರಿಸುತ್ತಲೂ ಇರಲಿಲ್ಲ, ಬಾಗಿಲ ಹಿಂದೆ ಮುಗಿಸಿ ಹೆಣವನ್ನಷ್ಟೇ ಹೊರಗೆ ತರುತ್ತಿದ್ದರು. ಎತ್ತಿದ ಕೈ ಎಲ್ಲಿ ತಡೆಯಿತು, ಎಷ್ಟು ಹೊತ್ತು ತಡೆಯಿತು, ತಡೆದದ್ದು ಯಾವುದು, ಮತ್ತೆ ಆ ಕೈಯನ್ನು ನಡೆಸಿದ್ದು ಯಾವುದು ಎಂಬುದರಲ್ಲಿ ನಾಟಕಕಾರನ ಕಸುವು ಗೊತ್ತಾಗುತ್ತದೆ.

ಕಲಬುರಗಿಯಲ್ಲಿ ನ್ಯಾಯಾಲಯದ ಶೀಘ್ರಲಿಪಿಗಾರ್ತಿ ನಾನು. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಸಂಜೆಯ ಹೊತ್ತು ಹವ್ಯಾಸಿ ನಾಟಕದ ಗೆಳೆಯರೊಂದಿಗೆ ಕಳೆಯುತ್ತದೆ. ಕೊಲೆಯ ಪ್ರಕರಣಗಳಲ್ಲಿ ಬಹುಪಾಲಿಗೆ "ಹಳೆಯ ವೈಷಮ್ಯದ ಕಾರಣದಿಂದ" ಎಂಬ ಒಂದು ಸಾಲು ಇದ್ದೇ ಇರುತ್ತದೆ. ತೊಗರಿ ಹೊಲದ ಬದುವಿನದೋ, ಚುನಾವಣೆಯದೋ, ಮದುವೆ ಮಾತಿನದೋ ಜಗಳ. ಆ ಸಾಲಿನ ಹಿಂದೆ ಎಷ್ಟು ವರ್ಷಗಳ ಊಟವಿಲ್ಲದ ರಾತ್ರಿಗಳಿವೆಯೋ ಕಡತಕ್ಕೆ ಬೇಕಾಗಿಲ್ಲ. ಬೇಕಾಗಬೇಕು ಎಂದು ನಾನು ಹೇಳುವುದಿಲ್ಲ, ಕಡತದ ಕೆಲಸವೇ ಬೇರೆ.

ಆದರೆ ಕಾನೂನು ಕೂಡ ಆ ತಡವನ್ನು ಅಳೆಯುತ್ತದೆ. ಇದು ನಾಟಕದವರಿಗೆ ಗೊತ್ತಿರಬೇಕಾದ ಸಂಗತಿ. ತೀವ್ರವೂ ಹಠಾತ್ತೂ ಆದ ಪ್ರಚೋದನೆಯಿಂದ ಮೈಮೇಲಿನ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಷ್ಟು ದೊಡ್ಡ ಅಪರಾಧವಾಗುವುದಿಲ್ಲ. ನಡುವೆ ಸಿಟ್ಟು ಇಳಿಯುವಷ್ಟು ಹೊತ್ತು ಸಿಕ್ಕಿದ್ದರೆ ಆ ರಿಯಾಯಿತಿ ಇಲ್ಲ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಮನೆಯಿಂದ ಹೊರಟದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು, ಮನಸ್ಸು ಹತೋಟಿಗೆ ಬರಲು ಅಷ್ಟು ಸಾಕಿತ್ತು ಎಂದು. ಅಂದರೆ ನಮ್ಮ ಕಟಕಟೆಯಲ್ಲಿ ತಡವಾದಷ್ಟೂ ತಪ್ಪು ಹೆಚ್ಚು. ರಂಗದ ಮೇಲೆ ತಡವಾದಷ್ಟೂ ಅವನು ನಮ್ಮವನಾಗುತ್ತಾನೆ. ಹ್ಯಾಮ್ಲೆಟ್‌ನನ್ನು ನಮ್ಮ ನ್ಯಾಯಾಲಯಕ್ಕೆ ತಂದು ನಿಲ್ಲಿಸಿದರೆ ತಿಂಗಳುಗಟ್ಟಲೆ ಯೋಚಿಸಿ ಮಾಡಿದ ಕೊಲೆ ಎಂದು ಪಬ್ಲಿಕ್ ಪ್ರಾಸಿಕ್ಯೂಟರ್ ವಾದಿಸುತ್ತಾರೆ, ಅವರು ವಾದಿಸುವುದು ಸರಿಯೂ ಹೌದು. ಅದೇ ತಿಂಗಳುಗಳಿಗಾಗಿ ನಾಲ್ಕು ಶತಮಾನಗಳಿಂದ ಜನ ಅವನನ್ನು ಪ್ರೀತಿಸಿದ್ದಾರೆ. ಈ ಎರಡು ಅಳತೆಗಳ ನಡುವೆ ಹಗಲು ಸಂಜೆ ಓಡಾಡುವವಳು ನಾನು, ಎರಡೂ ನನಗೆ ಬೇಕು.

ಪ್ರಾರ್ಥನೆಯ ದೃಶ್ಯ ಎಲ್ಲರಿಗೂ ಗೊತ್ತು. ಹ್ಯಾಮ್ಲೆಟ್‌ನ ತಂದೆಯನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್ ಒಬ್ಬನೇ ಮೊಣಕಾಲೂರಿದ್ದಾನೆ, ಹ್ಯಾಮ್ಲೆಟ್ ಹಿಂದಿನಿಂದ ಬರುತ್ತಾನೆ, ಕತ್ತಿ ಕೈಯಲ್ಲಿದೆ. ಈಗ ಕೊಂದರೆ ಇವನು ನೇರ ಸ್ವರ್ಗಕ್ಕೆ ಹೋಗುತ್ತಾನೆ, ಪಾಪ ಮಾಡುತ್ತಿರುವಾಗ ಹಿಡಿಯಬೇಕು ಎಂದುಕೊಂಡು ಕತ್ತಿಯನ್ನು ಒರೆಗೆ ಸೇರಿಸಿ ಹೋಗಿಬಿಡುತ್ತಾನೆ. ಇದನ್ನು ಅಂಜುಬುರುಕತನ ಎಂದು ಓದುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಆ ಕಾರಣ ಕೊಲೆಗಿಂತ ಕ್ರೂರವಾದದ್ದು. ದೇಹವಷ್ಟೇ ಸಾಲದು, ಆತ್ಮವೂ ಉರಿಯಬೇಕು ಎನ್ನುತ್ತಾನೆ. ಅವನು ಹೋದ ಮೇಲೆ ಕ್ಲಾಡಿಯಸ್ ಎದ್ದು, ತನ್ನ ಮಾತು ಮೇಲೇರಿತು, ಮನಸ್ಸು ಕೆಳಗೇ ಉಳಿಯಿತು ಎನ್ನುತ್ತಾನೆ. ಪ್ರಾರ್ಥನೆ ನಡೆದೇ ಇರಲಿಲ್ಲ! ಹ್ಯಾಮ್ಲೆಟ್ ಬಯಸಿದ ಗಳಿಗೆ ಅದೇ ಆಗಿತ್ತು. ಅದೇ ನಾಟಕದಲ್ಲಿ ಹ್ಯಾಮ್ಲೆಟ್‌ನ ಕೈಯಿಂದ ತಂದೆಯನ್ನು ಕಳೆದುಕೊಂಡ ಇನ್ನೊಬ್ಬ ಮಗ ಲೇಯರ್ಟಿಸ್, ಚರ್ಚಿನೊಳಗಾದರೂ ಅವನ ಕತ್ತು ಕೊಯ್ಯುತ್ತೇನೆ ಎಂದು ಅಬ್ಬರಿಸುತ್ತಾನೆ. ತಡೆಯಿಲ್ಲದ ಆ ಮಗನ ಕೈಗೆ ಮೊನೆಯುಳ್ಳ ಕತ್ತಿ ಕೊಡುವುದು ಕ್ಲಾಡಿಯಸ್‌ಗೆ ಎಷ್ಟು ಸುಲಭವಾಯಿತು ನೋಡಿ, ಅದಕ್ಕೆ ವಿಷ ಹಚ್ಚುತ್ತೇನೆ ಎಂದವನು ಆ ಮಗನೇ. ಸಾಯುವಾಗ ಕ್ಷಮೆಯ ಮಾತನ್ನು ಮೊದಲು ಎತ್ತುವವನೂ ಅವನೇ, ಅದನ್ನು ಶೇಕ್ಸ್‌ಪಿಯರ್‌ನ ದೊಡ್ಡತನವೆಂದು ತಿಳಿದಿದ್ದೇನೆ.

ಶೇಕ್ಸ್‌ಪಿಯರ್‌ಗಿಂತ ಸ್ವಲ್ಪ ಮೊದಲು ಬರೆದ ಥಾಮಸ್ ಕಿಡ್‌ನನ್ನು ನಮ್ಮ ಕಡೆ ಓದುವವರು ಕಡಿಮೆ. ಅವನ 'ಸ್ಪೇನಿನ ದುರಂತ' ನಾಟಕದ ನಾಯಕ ಹೀರೊನಿಮೊ ಸ್ವತಃ ನ್ಯಾಯ ಕೊಡುವ ಅಧಿಕಾರಿ. ಮಗನನ್ನು ತೋಟದಲ್ಲಿ ನೇಣು ಹಾಕಿ ಕೊಂದಿದ್ದಾರೆ, ಕೊಂದವರು ಅರಮನೆಯವರು, ರಾಜನ ಕಿವಿಗೆ ದೂರು ಮುಟ್ಟುವುದಿಲ್ಲ. ಹೀಗಿರುವಾಗ ಊರವರು ತಮ್ಮ ತಮ್ಮ ಅರ್ಜಿ ಹಿಡಿದು ಅವನ ಬಳಿ ಬರುತ್ತಾರೆ. ಅವರಲ್ಲೊಬ್ಬ ಮುದುಕ ಮಾತಾಡದೆ ನಿಂತಿದ್ದಾನೆ, ಅವನ ಅರ್ಜಿಯಲ್ಲಿ ಕೊಲೆಯಾದ ಮಗನ ವಿಷಯ ಬರೆದಿದೆ. ಹೀರೊನಿಮೊ ಕಣ್ಣೊರೆಸಿಕೋ ಎಂದು ವಸ್ತ್ರ ತೆಗೆದುಕೊಡಲು ಹೋದರೆ ಕೈಗೆ ಬರುವುದು ತನ್ನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರ. ಆಮೇಲೆ ಅವನು ಉಳಿದವರ ಕಾಗದಗಳನ್ನೆಲ್ಲ ಹಲ್ಲಿನಿಂದ ಹರಿದುಹಾಕುತ್ತಾನೆ. ಕಿಡ್‌ನ ತಂದೆ ದಸ್ತಾವೇಜು ಬರೆಯುವ ವೃತ್ತಿಯವರು. ಅರ್ಜಿಯ ಕಾಗದಕ್ಕೆ ಎಷ್ಟು ತೂಕವಿದೆಯೆಂದು ಬಲ್ಲ ಮನೆಯಲ್ಲಿ ಬೆಳೆದವನೇ ಆ ದೃಶ್ಯ ಬರೆಯಬಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ಆ ಪುಟ ಓದಿದ ಮೇಲೆ ನಮ್ಮ ಕಚೇರಿಯ ವರಾಂಡದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಟ್ಟುಕೊಂಡು ಕೂರುವ ಮುದುಕರನ್ನು ದಾಟಿ ಹೋಗುವಾಗ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ.

ನಮ್ಮಲ್ಲಿ ದುರಂತವಿಲ್ಲ, ಅದು ಗ್ರೀಕರದ್ದು ಎಂದು ಪಾಠದಲ್ಲಿ ಕಲಿತವರು ಭಾಸನ 'ಊರುಭಂಗ'ವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ತೊಡೆ ಮುರಿದುಕೊಂಡು ಬಿದ್ದ ದುರ್ಯೋಧನನ ಪರವಾಗಿ ಬಲರಾಮ ಸಿಟ್ಟಿನಿಂದ ಕುದಿಯುತ್ತಾನೆ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯುವುದು ಅಧರ್ಮ, ಭೀಮನನ್ನು ಈಗಲೇ ಮುಗಿಸುತ್ತೇನೆ ಎನ್ನುತ್ತಾನೆ. ಅವನ ಕೈ ತಡೆಯುವವನು ಬಿದ್ದಿರುವ ದುರ್ಯೋಧನನೇ. ಆಮೇಲೆ ಅವನ ಮಗ ದುರ್ಜಯ ಬರುತ್ತಾನೆ, ಸಣ್ಣ ಹುಡುಗ, ತಂದೆಯ ತೊಡೆಯೇರಿ ಕೂರಲು ಹೋಗುತ್ತಾನೆ.

ಈ ದೃಶ್ಯವನ್ನು ನಾವು ಕನ್ನಡಕ್ಕೆ ಮಾಡಿಕೊಂಡು ಕಾಗಿಣಾ ದಂಡೆಯ ಒಂದು ಊರಿನ ಜಾತ್ರೆಯಲ್ಲಿ ಆಡಿದ್ದೆವು. ದುರ್ಯೋಧನನ ಪಾತ್ರದವರು ವಿದ್ಯುತ್ ಇಲಾಖೆಯ ಲೈನ್‌ಮನ್, ದುರ್ಜಯ ಅವರ ತಂಗಿಯ ಮಗ. ತಾಲೀಮಿನಲ್ಲಿ ತೊಂದರೆಯಾದದ್ದು ಅಲ್ಲೇ. ಹುಡುಗನಿಗೆ ಸೋದರಮಾವನ ತೊಡೆ ಎಂದರೆ ತನ್ನದೇ ಜಾಗ, ಓಡಿ ಬಂದು ಧಪ್ಪನೆ ಕೂತುಬಿಡುತ್ತಿದ್ದ. ಮಾವನಿಗೆ ಅವನನ್ನು ದೂರ ಸರಿಸಲು ಕೈ ಬರುತ್ತಿರಲಿಲ್ಲ. ನಿರ್ದೇಶಕರು ಏನೂ ತಿದ್ದಲಿಲ್ಲ, ಸರಿಸಲಾಗದ ಆ ಕೈಯನ್ನೇ ದೃಶ್ಯದಲ್ಲಿ ಉಳಿಸಿಕೊಂಡರು. ಹುಡುಗ ಬಂದು ಕೂರುವ ಮೊದಲು ಅಂಗೈ ಅವನ ಎದೆಗೆ ತಾಗಿ ನಿಲ್ಲುತ್ತದೆ, ತಳ್ಳುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಇಲ್ಲಿ ಕೂರಬೇಡ ಎಂಬ ಮಾತು ಆಮೇಲೆ. ಮುಂದೆ ಚಾಪೆ ಹಾಸಿ ಕೂತಿದ್ದ ಅಜ್ಜಿಯೊಬ್ಬರು ನಾಟಕದ ನಡುವೆಯೇ ಗಟ್ಟಿಯಾಗಿ, "ಮಗುವನ್ನು ಯಾರಾದರೂ ಎತ್ತಿಕೊಳ್ಳಿರಪ್ಪಾ" ಎಂದರು. ಜನ ನಗಲಿಲ್ಲ. ಹಿಂದಿನ ರಾತ್ರಿ ಅದೇ ಕಟ್ಟೆಯ ಮೇಲೆ ದೊಡ್ಡಾಟದಲ್ಲಿ ಭೀಮನ ಕುಣಿತಕ್ಕೆ ಶಿಳ್ಳೆ ಹೊಡೆದಿದ್ದವರು ಅವರು.

ದುರ್ಯೋಧನ ಮಗನಿಗೆ ಹಗೆ ಸಾಧಿಸು ಎನ್ನುವುದಿಲ್ಲ. ನನ್ನಂತೆಯೇ ಪಾಂಡವರನ್ನೂ ಸೇವಿಸು ಎನ್ನುತ್ತಾನೆ. ಅಷ್ಟರಲ್ಲಿ ಅಶ್ವತ್ಥಾಮ ಬರುತ್ತಾನೆ, ರಾತ್ರಿಯ ಕೊಲೆಗೆ ಶಪಥ ಮಾಡುತ್ತಾನೆ. ಹಗೆಗೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ, ಯಾರಿಗಾಗಿ ತೀರಿಸುತ್ತಿದ್ದೇವೋ ಅವರದ್ದೂ.

ರನ್ನನನ್ನು ಬಿಟ್ಟು ನಮ್ಮ ಕಡೆಯವರು ಈ ಮಾತು ಮುಗಿಸುವಂತಿಲ್ಲ. ಸೇಡಂ ರಸ್ತೆಯಲ್ಲಿ ಹೋಗುವ ಬಸ್ಸು ಮಳಖೇಡದಲ್ಲಿ ನಿಂತಾಗ ಕಾಣುವ ಕೋಟೆಯ ಊರು ರಾಷ್ಟ್ರಕೂಟರ ಮಾನ್ಯಖೇಟ. 972ರಲ್ಲಿ ಪರಮಾರ ಸೀಯಕ ಅದನ್ನು ಸೂರೆ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಇಳಿಸಿ ರಾಜ್ಯ ಕಟ್ಟಿದ. ಮುಂದೆ ಸೀಯಕನ ಮಗ ಮುಂಜ ದಂಡೆತ್ತಿ ಬಂದು, ತೈಲಪನಿಗೆ ಸೆರೆಸಿಕ್ಕು ಪ್ರಾಣ ಕಳೆದುಕೊಂಡ. ಇಂಥ ಕಾಲದ ಆಸ್ಥಾನದಲ್ಲಿ ಕೂತು, ಅರಸನ ಮಗನನ್ನು ಭೀಮನಿಗೆ ಹೋಲಿಸಿ ಗದಾಯುದ್ಧ ಬರೆಯಬೇಕಾದ ಕವಿ ತನ್ನ ಹೃದಯವನ್ನು ದುರ್ಯೋಧನನಿಗೆ ಕೊಟ್ಟ. ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ. ವೈರಿಯ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ನಿನ್ನ ಸಾಹಸದ ಒಂದು ಪಾಲಾದರೂ ಇರುವಂಥ ಸಾವು ನಮಗೂ ಬರಲಿ ಎಂದು ಕೈಮುಗಿದು ಬೇಡುತ್ತಾನೆ. ಮುಂದೆ ಕರ್ಣನನ್ನು ನೆನೆದು "ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ" ಎನ್ನುತ್ತಾನೆ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ನೆಲ ಅವನಿಗೆ ಪಾಳುನೆಲ. ಕಾವ್ಯವಾದರೂ ಇದು ರಂಗಕ್ಕೆಂದೇ ಹುಟ್ಟಿದಂತಿದೆ, ಬಿ.ಎಂ. ಶ್ರೀಕಂಠಯ್ಯನವರು ಇದನ್ನು ನಾಟಕವಾಗಿ ಕಟ್ಟಿದ್ದು ಸುಮ್ಮನೆ ಅಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದವರೂ ಅವರೇ.

ಇಷ್ಟು ಬರೆದದ್ದಕ್ಕೆ ಒಂದು ಕಾರಣವಿದೆ. ನಮ್ಮ ತಂಡ ಈ ವರ್ಷ ಬಸವಕಲ್ಯಾಣದ ಕಥೆ ಎತ್ತಿಕೊಂಡಿದೆ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮನೆಗಳ ನಡುವೆ ಮದುವೆ, ಅದಕ್ಕಾಗಿ ಅವರಿಬ್ಬರಿಗೆ ಕಟ್ಟಿ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆ, ಆಮೇಲೆ ಜಗದೇವ ಮತ್ತು ಮಲ್ಲಿಬೊಮ್ಮಯ್ಯ ಅರಸ ಬಿಜ್ಜಳನನ್ನು ಕೊಂದರೆಂಬ ಪರಂಪರೆಯ ಮಾತು. ಗಿರೀಶ ಕಾರ್ನಾಡರ 'ತಲೆದಂಡ' ಸೇರಿ ಹಲವು ನಾಟಕಗಳು ಈ ಕಥೆಯ ಮೇಲೆ ಬಂದಿವೆ. ನನ್ನ ತಲೆ ಕೊರೆಯುತ್ತಿರುವುದು ಜಗದೇವ ಒಬ್ಬನೇ. "ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ" ಎಂಬ ವಚನ ಅವನ ಕಿವಿಯ ಮೇಲೆ ಬೀಳದೆ ಇದ್ದೀತೇ? ಮನೆಯೊಳಗಣ ಕಿಚ್ಚು ಮನೆಯ ಸುಟ್ಟಲ್ಲದೆ ನೆರೆಮನೆಯ ಸುಡದು ಎಂದು ಬಸವಣ್ಣ ಹೇಳಿದ್ದು ಆ ಊರಿನಲ್ಲೇ ಅಲ್ಲವೇ? ಎಳೆದ ಹೆಣಗಳನ್ನು ಕಣ್ಣಾರೆ ಕಂಡವನ ಕೈಯೂ, ವಚನ ಕೇಳಿದವನ ಕಿವಿಯೂ ಒಂದೇ ಮೈಯಲ್ಲಿವೆ. ಅವನು ತಡೆದಿರಬೇಕು. ಎಲ್ಲಿ, ಯಾರ ಮಾತಿಗೆ, ಮತ್ತೆ ಅವನನ್ನು ಮುಂದೆ ನೂಕಿದ ಮಾತು ಯಾರದು ಎಂಬುದನ್ನು ನಾವು ಬರೆಯಬೇಕಾಗಿದೆ. ಮಲ್ಲಿಬೊಮ್ಮಯ್ಯ ಪಕ್ಕದಲ್ಲೇ ಇದ್ದಾನೆ. ಅವನ ಬಾಯಿಂದ ಆ ಮಾತು ಆಡಿಸಬೇಕೆಂದು ನಿರ್ದೇಶಕರು ಹೇಳುತ್ತಾರೆ. ಹರಳಯ್ಯನ ಹೆಂಡತಿ ಕಲ್ಯಾಣಮ್ಮ ಆಡಬೇಕು, ಆಡದೆ ಸುಮ್ಮನೆ ದಾಟಿ ಹೋದರೂ ನಡೆದೀತು ಎಂಬುದು ನನ್ನ ಹಟ. ಎರಡೂ ಬಗೆಯಾಗಿ ಬರೆದು ತಾಲೀಮಿನಲ್ಲಿ ಆಡಿ ನೋಡುತ್ತೇವೆ. ಬೀದರ ಜಿಲ್ಲೆಯ ಊರುಗಳಲ್ಲಿ ಜಗದೇವನ ಕಥೆಯನ್ನು ಹಾಡಾಗಿಯೋ ಆಟವಾಗಿಯೋ ಕೇಳಿದವರು ಇದ್ದರೆ ದಯವಿಟ್ಟು ಬರೆದು ತಿಳಿಸಿ, ಭಾನುವಾರಗಳಲ್ಲಿ ಬಂದು ಕೇಳಲು ನಾವು ಸಿದ್ಧರಿದ್ದೇವೆ.