ಫರ್‌ಬ್ಯಾಂಕ್ ಬಂಡೆಯ ಮೇಲೆ ಮೂರು ತಾಸು

ಉತ್ತರ ಇಂಗ್ಲೆಂಡಿನ ಸೆಡ್‌ಬರ್ಗ್ ಊರಿನಿಂದ ಲೂನ್ ನದಿ ದಾಟಿ ಗುಡ್ಡ ಹತ್ತಿದರೆ ಬಯಲಿನಲ್ಲಿ ಒಂದು ಬಂಡೆ ಸಿಗುತ್ತದೆ. ಅದಕ್ಕೊಂದು ಫಲಕ ಹೊಡೆದಿದ್ದಾರೆ. ಪಕ್ಕದಲ್ಲಿ ಸಣ್ಣ ಸ್ಮಶಾನ. ಅಲ್ಲಿದ್ದ ಚರ್ಚ್ ಈಗಿಲ್ಲ. ಜನ ಈ ಬಂಡೆಯನ್ನು ‘ಫಾಕ್ಸಸ್ ಪಲ್ಪಿಟ್’, ಅಂದರೆ ಕ್ವೇಕರ್ ಎಂಬ ಕ್ರೈಸ್ತ ಪಂಥ ಹುಟ್ಟುಹಾಕಿದ ಜಾರ್ಜ್ ಫಾಕ್ಸನ ಉಪದೇಶಪೀಠ ಎನ್ನುತ್ತಾರೆ. ಪೀಠವೇ ಬೇಡ ಎಂದವನ ಹೆಸರಿಗೆ ಪೀಠ ಅಂಟಿಕೊಂಡಿದೆ!

1652ರ ಜೂನ್ 13, ಭಾನುವಾರ. ಜಾರ್ಜ್ ಫಾಕ್ಸನಿಗೆ ಆಗ 27 ವರ್ಷ. ಲೆಸ್ಟರ್‌ಶೈರಿನ ನೇಕಾರನ ಮಗ, ಚಮ್ಮಾರನ ಬಳಿ ಕೆಲಸ ಕಲಿತವನು. 1643ರಲ್ಲಿ ಮನೆ ಬಿಟ್ಟು, ಪಾದ್ರಿಯಿಂದ ಪಾದ್ರಿಗೆ ಅಲೆದು, ಯಾರ ಮಾತಿನಿಂದಲೂ ಸಮಾಧಾನ ಸಿಗದೆ, ಕೊನೆಗೆ ಕ್ರಿಸ್ತ ತನ್ನೊಳಗೇ ಮಾತಾಡುತ್ತಾನೆ ಎಂಬ ನಂಬಿಕೆಗೆ ಬಂದಿದ್ದ. ಅದನ್ನು ಹೇಳಿದ್ದಕ್ಕೆ ಡರ್ಬಿಯಲ್ಲಿ ದೈವನಿಂದೆಯ ಆರೋಪ ಹೊತ್ತು ಜೈಲು ಕಂಡಿದ್ದ. ದೇವರ ಮಾತಿಗೆ ನಡುಗಿರಿ ಎಂದವನನ್ನು ‘ಕ್ವೇಕರ್’, ನಡುಗುವವ, ಎಂದು ಅಲ್ಲಿನ ನ್ಯಾಯಾಧೀಶನೊಬ್ಬ 1650ರಲ್ಲಿ ಹಂಗಿಸಿದ. ಆ ಹೆಸರು ಅವನ ಪಂಥಕ್ಕೆ ಹಾಗೇ ನಿಂತುಬಿಟ್ಟಿತು.

ಅಂದು ಬೆಳಗ್ಗೆ ಚರ್ಚಿನೊಳಗೆ ಫ್ರಾನ್ಸಿಸ್ ಹೌಗಿಲ್ ಮತ್ತು ಜಾನ್ ಆಡ್ಲೆಂಡ್ ಪ್ರವಚನ ಮಾಡುತ್ತಿದ್ದರು. ಇವರು ಒಳ್ಳೆಯವರು, ಎಲ್ಲರೆದುರು ಖಂಡಿಸಬೇಡ ಎಂದು ಕೆಲವರು ಫಾಕ್ಸನಿಗೆ ಮೊದಲೇ ಹೇಳಿಟ್ಟಿದ್ದರು. ಅವನು ಮಾತು ಕೊಡಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಆದರೂ ಅವನು ಒಳಗೆ ಇಣುಕಿದನೆಂದು ಅನಿಸಿದ್ದೇ ತಡ, ಹೌಗಿಲ್ ಬೆವರಿರಬೇಕು. ಒಂದು ಕಾಡುಸೇಬು ಎಸೆದಿದ್ದರೂ ಸತ್ತುಹೋಗುತ್ತಿದ್ದೆ ಎಂದು ಆಮೇಲೆ ಅವನೇ ಹೇಳಿಕೊಂಡ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಫಾಕ್ಸ್ ಹಳ್ಳಕ್ಕೆ ಹೋಗಿ ಒಂದಿಷ್ಟು ನೀರು ಕುಡಿದು ಬಂದು ಬಂಡೆಯ ಮೇಲೆ ಕೂತ.

ಜನ ಸೇರಿದರು, ಅಂದಾಜು ಸಾವಿರಕ್ಕೂ ಮೇಲೆ. ಅವನು ಸುಮಾರು ಮೂರು ತಾಸು ಬೋಧಿಸಿದ. ಕೆಲವು ಮುದುಕರು ಮಾತ್ರ ಚರ್ಚಿನೊಳಗೆ ಹೋಗಿ ಕಿಟಕಿಯಿಂದ ನೋಡುತ್ತಿದ್ದರು. ಚರ್ಚ್ ಇರುವಾಗ ಗುಡ್ಡದ ಮೇಲೆ ನಿಂತು ಬೋಧಿಸುವುದೇನು ಎಂದು ಅವರಿಗೆ ವಿಚಿತ್ರ. ಆ ಗೋಡೆಗಳಿಗೂ ಅವು ನಿಂತ ನೆಲಕ್ಕೂ ಈ ಗುಡ್ಡಕ್ಕಿಂತ ಹೆಚ್ಚಿನ ಪಾವಿತ್ರ್ಯವಿಲ್ಲ ಎಂದೇ ಫಾಕ್ಸ್ ಹೇಳಿದ್ದು. ಅವನ ಲೆಕ್ಕದಲ್ಲಿ ಚರ್ಚ್ ಎಂದರೆ ಜನ. ಕಟ್ಟಡ ಬರೀ ‘ಗೋಪುರದ ಮನೆ’. ಕಟ್ಟಡಕ್ಕೆ ಪಾವಿತ್ರ್ಯವಿಲ್ಲದಿದ್ದರೆ ಅದರ ಪಾದ್ರಿಗೆ ರೈತ ದಶಾಂಶ, ಅಂದರೆ ಬೆಳೆಯ ಹತ್ತನೇ ಒಂದು ಪಾಲು, ಯಾಕೆ ಕೊಡಬೇಕು? ಮಾತು ಅಲ್ಲಿಗೇ ಹೋಗಿ ಮುಟ್ಟುತ್ತದೆ. ಮುಂದೆ ದಶಾಂಶ ಕೊಡದ ಕ್ವೇಕರರ ದನ, ಧಾನ್ಯ, ಪಾತ್ರೆಗಳು ಜಪ್ತಿಯಾದವು.

ಒಬ್ಬನೇ ಒಬ್ಬ ಮೂರು ತಾಸಿನಲ್ಲಿ ಸಾವಿರ ಜನರ ಮನಸ್ಸು ತಿರುಗಿಸಿದ ಎಂಬಂತೆ ಈ ಕಥೆ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಆ ಸೀಮೆಯಲ್ಲಿ ‘ಸೀಕರ್’ಗಳು, ಅಂದರೆ ಹುಡುಕುವವರು, ಸರ್ಕಾರಿ ಚರ್ಚಿನ ವಿಧಿಗಳಿಂದ ಬೇಸತ್ತು ಆಗಲೇ ತಮ್ಮ ಪಾಡಿಗೆ ಸೇರುತ್ತಿದ್ದರು. ನೆಲ ಹದವಾಗಿತ್ತು, ಬೀಜ ಆ ದಿನ ಬಿತ್ತು.

ಅದು ಮೊಳೆತದ್ದು ಕಾಣುವುದು ಮುಂದಿನ ಬುಧವಾರ, ಹತ್ತಿರದ ಪ್ರೆಸ್ಟನ್ ಪ್ಯಾಟ್ರಿಕ್ ಊರಿನ ಸೀಕರ್‌ಗಳ ಸಭೆಯಲ್ಲಿ. ಬೋಧಕರ ಜಾಗಕ್ಕೆ ಬಾ ಎಂದು ಆಡ್ಲೆಂಡ್ ಕರೆದ. ಫಾಕ್ಸ್ ಒಲ್ಲದೆ ಹಿಂದೆ ಬಾಗಿಲ ಬಳಿ ಕೂತ. ಸುಮಾರು ಅರ್ಧ ಗಂಟೆ ಮಾತಿಲ್ಲ. ಹೌಗಿಲ್ ಚಡಪಡಿಸುತ್ತ ಬೈಬಲ್ ತೆಗೆದ, ಎದ್ದು ನಿಂತ, ಮತ್ತೆ ಮುಚ್ಚಿ ಕೂತ. ಹೀಗೆ ಹಲವು ಸಲ. ಆಮೇಲೆ ಫಾಕ್ಸ್ ಎದ್ದ. ಇಂದಿಗೂ ಕ್ವೇಕರರ ಮೌನಸಭೆಯ ಕ್ರಮ ಬಹುಮಟ್ಟಿಗೆ ಇದೇ: ಎಲ್ಲರೂ ಸುಮ್ಮನೆ ಕೂರುವುದು, ಒಳಗಿಂದ ಪ್ರೇರಣೆಯಾದವರು ಗಂಡಾಗಲಿ ಹೆಣ್ಣಾಗಲಿ ಎದ್ದು ಮಾತಾಡುವುದು. ಮೊದಲೇ ಸಿದ್ಧಮಾಡಿಕೊಂಡು ಬಂದ ಭಾಷಣ ಅಲ್ಲಿ ಸಲ್ಲದು.

ಫಾಕ್ಸನ ನಂಬಿಕೆಗಳಲ್ಲಿ ಕನ್ನಡಿಗರಿಗೆ ತಟ್ಟನೆ ಅರ್ಥವಾಗುವುದು ‘ನೀನು’ ವಿಚಾರ. ಆಗಿನ ಇಂಗ್ಲಿಷಿನಲ್ಲೂ ನಮ್ಮ ‘ನೀನು’, ‘ನೀವು’ಗಳ ಹಾಗೆ ಎರಡು ಪದಗಳಿದ್ದವು: ‘ದೌ’, ‘ಯೂ’. ದೇವರನ್ನು ನೀನು ಎನ್ನುತ್ತೀರಿ, ಸಾಹುಕಾರನನ್ನು ಯಾಕೆ ನೀವು ಎನ್ನಬೇಕು ಎಂದು ಫಾಕ್ಸ್ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಿದ. ತಹಶೀಲ್ದಾರರ ಮುಂದೆ ನಿಂತು ‘ನೀನು ಹೇಳಯ್ಯ’ ಎಂದರೆ ಏನಾದೀತೋ ಅದೇ ಆಯಿತು, ಎಷ್ಟೋ ಜನ ಏಟು ತಿಂದರು. ಟೋಪಿಯದೂ ಅದೇ ಕಥೆ: ದೊಡ್ಡವರೆದುರು ಟೋಪಿ ತೆಗೆಯುವುದು ಆಗಿನ ಮರ್ಯಾದೆ, ಫಾಕ್ಸ್ ತೆಗೆಯುತ್ತಿರಲಿಲ್ಲ. 1656ರಲ್ಲಿ ಲಾನ್ಸೆಸ್ಟನ್ ನ್ಯಾಯಾಲಯದಲ್ಲಿ ಅದನ್ನು ತೆಗೆಯದ್ದಕ್ಕೆ 20 ಮಾರ್ಕ್ (ಆಗಿನ ಹಣದ ಲೆಕ್ಕ) ದಂಡ. ಕಟ್ಟಲೊಲ್ಲದೆ ಮತ್ತೆ ಜೈಲು. ಆದರೆ ಎಲ್ಲಕ್ಕಿಂತ ದುಬಾರಿಯಾದದ್ದು ಆಣೆ. ಆಣೆ ಇಡಬೇಡಿ ಎಂದು ಯೇಸು ಹೇಳಿದ್ದಾನೆ, ಆದ್ದರಿಂದ ರಾಜನಿಗೆ ನಿಷ್ಠೆಯ ಪ್ರಮಾಣವನ್ನೂ ಕ್ವೇಕರರು ಮಾಡುತ್ತಿರಲಿಲ್ಲ. ಬೇರೆ ಆರೋಪ ನಿಲ್ಲದಿದ್ದಾಗ ಅವರನ್ನು ಜೈಲಿಗೆ ಹಾಕಲು ನ್ಯಾಯಾಧೀಶರು ಪ್ರಮಾಣ ಮಾಡು ಎಂದು ಕೇಳಿದರೆ ಸಾಕಿತ್ತು.

ಒಳಗೇ ಮಾತಾಡುವ ಕ್ರಿಸ್ತನನ್ನು ಕ್ವೇಕರರು ‘ಒಳಗಿನ ಬೆಳಕು’ ಎನ್ನುತ್ತಾರೆ. ಅದನ್ನೇ ನಂಬಿದರೆ ಅದು ಬೆಳಕೋ ಭ್ರಮೆಯೋ ಎಂದು ಹೇಳುವವರು ಯಾರು? ಈ ಪ್ರಶ್ನೆ 1656ರ ಅಕ್ಟೋಬರಿನಲ್ಲಿ ಎದುರಾಯಿತು. ಫಾಕ್ಸನಷ್ಟೇ ಹೆಸರಾಗಿದ್ದ ಕ್ವೇಕರ್ ಬೋಧಕ ಜೇಮ್ಸ್ ನೇಲರ್, ಯೇಸು ಜೆರುಸಲೇಮಿಗೆ ಬಂದಂತೆ, ಮಳೆಯಲ್ಲಿ ಕುದುರೆಯೇರಿ ಬ್ರಿಸ್ಟಲ್ ಪ್ರವೇಶಿಸಿದ. ಹಿಂಬಾಲಕರು ಅವನ ಮುಂದೆ ‘ಪವಿತ್ರ, ಪವಿತ್ರ’ ಎಂದು ಹಾಡಿದರು. ಪಾರ್ಲಿಮೆಂಟೇ ವಿಚಾರಣೆ ನಡೆಸಿ, ಚಾಟಿಯೇಟು ಕೊಡಿಸಿ, ನಾಲಿಗೆಗೆ ಕಾದ ಕಬ್ಬಿಣ ಚುಚ್ಚಿಸಿ, ಹಣೆಗೆ ‘ಬಿ’ (ಬ್ಲಾಸ್ಫೆಮರ್, ಅಂದರೆ ದೈವನಿಂದಕ) ಅಕ್ಷರದ ಬರೆ ಹಾಕಿಸಿತು. ಫಾಕ್ಸ್ ಪಾಠ ಕಲಿತ. 1660ರ ದಶಕದ ಕೊನೆಗೆ ಊರೂರಲ್ಲಿ ತಿಂಗಳ ಸಭೆಗಳನ್ನು ನೆಲೆಗೊಳಿಸಿದ. ಒಬ್ಬನ ಪ್ರೇರಣೆಯನ್ನು ಹತ್ತು ಜನ ಕೂತು ತೂಗಬೇಕು. ಈ ಸಭೆಗಳಲ್ಲಿ ಮತ ಎಣಿಸುವುದಿಲ್ಲ. ಸಭೆ ನಡೆಸುವ ‘ಕ್ಲರ್ಕ್’ ಅದರ ಒಲವನ್ನು ಗ್ರಹಿಸಿ ಠರಾವು ಬರೆದು ಓದುತ್ತಾನೆ, ಅದು ಅಲ್ಲೇ ತಿದ್ದಲ್ಪಡುತ್ತದೆ. ಒಮ್ಮತ ಬರದಿದ್ದರೆ ವಿಷಯ ಮುಂದಕ್ಕೆ. ತಡವಾಗುತ್ತದೆ, ಕೆಲವೊಮ್ಮೆ ತಾಳ್ಮೆ ಕೆಡುವಷ್ಟು.

ಬಂಡೆಯ ಬಳಿ ಸೇರಿದ್ದವರಲ್ಲಿ ಹಲವರು ಎರಡೇ ವರ್ಷದಲ್ಲಿ ದಕ್ಷಿಣಕ್ಕೆ ನಡೆದರು. ಹೌಗಿಲ್ ಲಂಡನ್ನಿಗೆ, ಆಡ್ಲೆಂಡ್ ಬ್ರಿಸ್ಟಲ್‌ಗೆ. ಅವರ ದಾರಿಖರ್ಚಿಗೆ, ಬಟ್ಟೆಗೆ, ಸವೆದ ಬೂಟಿಗೆ ಫಾಕ್ಸನ ಅನುಯಾಯಿ ಮಾರ್ಗರೆಟ್ ಫೆಲ್ ಮುಂದೆ ನಿಂತು ಕೆಂಡಲ್‌ನಲ್ಲಿ ನಿಧಿ ಕೂಡಿಸಿದಳು. ಹೌಗಿಲ್ ಪ್ರಮಾಣ ಮಾಡಲೊಲ್ಲದೆ ಆ್ಯಪಲ್‌ಬಿ ಜೈಲು ಸೇರಿ, 1669ರಲ್ಲಿ ಅಲ್ಲೇ ತೀರಿಕೊಂಡ.